ವಾಸಿಮಾಡು ಎಂದು ದೇವರನ್ನು ಕೇಳುವುದು ಯಾಕಿಷ್ಟು ಕಷ್ಟ?

ಪ್ರಾರ್ಥನಾ ಕೂಟದ ಕೊನೆಯಲ್ಲಿ ಒಂದು ಪ್ರಶ್ನೆ ಬರುತ್ತದೆ. "ಯಾರಿಗಾದರೂ ಪ್ರಾರ್ಥನೆ ವಿಷಯ ಇದೆಯಾ?" ಆಗ ಒಬ್ಬೊಬ್ಬರೇ ಹೇಳತೊಡಗುತ್ತಾರೆ. ಅಕ್ಕನ ಮಗಳ ಪರೀಕ್ಷೆ, ಪಕ್ಕದ ಮನೆಯವರ ಕೆಲಸ, ಯಾರದೋ ಪ್ರಯಾಣ. ಅಲ್ಲೇ ಕೂತಿರುವ ಒಬ್ಬರಿಗೆ ತಿಂಗಳುಗಳಿಂದ ಸರಿಯಾಗಿ ನಿದ್ದೆ ಇಲ್ಲ. ಇನ್ನೊಬ್ಬರ ಬ್ಯಾಗಿನಲ್ಲಿ ಮನೆಯವರಿಗೂ ತೋರಿಸದ ಸ್ಕ್ಯಾನ್ ರಿಪೋರ್ಟ್ ಇದೆ. ಅವರಿಬ್ಬರೂ ಬಾಯಿ ಬಿಡುವುದಿಲ್ಲ. ಬೇರೆಯವರಿಗಾಗಿ ಬೇಡಿಕೊಳ್ಳುವುದು ನಮಗೆ ಸಲೀಸು. "ನನಗೋಸ್ಕರ ಬೇಡಿಕೊಳ್ಳಿ" ಅನ್ನುವಾಗ ಮಾತ್ರ ಗಂಟಲು ಕಟ್ಟುತ್ತದೆ.

ಇದಕ್ಕೆ ನಂಬಿಕೆ ಕಡಿಮೆ ಇರುವುದೇ ಕಾರಣ ಎಂದು ಹೇಳಿಬಿಡುವುದು ಸುಲಭ. ನನಗೆ ಹಾಗನಿಸುವುದಿಲ್ಲ. ದೇವರಿಗೆ ವಾಸಿಮಾಡುವ ಶಕ್ತಿ ಇದೆ ಎಂದು ಗಟ್ಟಿಯಾಗಿ ನಂಬುವವರೂ ಕೇಳುವ ಹೊತ್ತಿಗೆ ಹಿಂದೆ ಸರಿಯುತ್ತಾರೆ. ಯಾಕೆಂದರೆ ಕೇಳಬೇಕಾದರೆ "ಇದು ನನ್ನ ಕೈಯಲ್ಲಿಲ್ಲ" ಎಂದು ಮೊದಲು ಒಪ್ಪಿಕೊಳ್ಳಬೇಕು. ದೀನತೆ ಶುರುವಾಗುವುದು ಅಲ್ಲಿಂದ. ಆದರೆ ಈ ದೀನತೆ ಅಂದರೆ ಏನು ಎಂಬುದರ ಬಗ್ಗೆ ಸಭೆಗಳಲ್ಲೇ ಸಾಕಷ್ಟು ಗೊಂದಲ ಇದೆ, ಆ ಗೊಂದಲದಿಂದ ಮೊದಲೇ ನೊಂದಿರುವ ಕಾಯಿಲೆಯವರಿಗೆ ಇನ್ನಷ್ಟು ನೋವಾಗುತ್ತದೆ, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಕೇಳದೆ ಸುಮ್ಮನಿರುವುದೇ ದೀನತೆ ಅಂದುಕೊಂಡವರು ಜಾಸ್ತಿ. ಅವರ ಮಾತುಗಳು ನಿಮಗೂ ಗೊತ್ತಿರುತ್ತವೆ. "ದೇವರಿಗೆ ಇದಕ್ಕಿಂತ ದೊಡ್ಡ ಕೆಲಸಗಳಿವೆ." "ನನಗಿಂತ ಕಷ್ಟದಲ್ಲಿರುವವರು ಎಷ್ಟೋ ಜನ." "ನಾನು ಕೇಳಲು ಯೋಗ್ಯನಲ್ಲ." "ದೇವರಿಗೆ ಗೊತ್ತೇ ಇದೆಯಲ್ಲ, ಮತ್ತೆ ಯಾಕೆ ಹೇಳಬೇಕು?" ಕೇಳಲು ಎಲ್ಲವೂ ಸಾಧುವಾಗಿವೆ. ಆದರೆ ಸುವಾರ್ತೆಗಳ ಮುಂದೆ ಇಟ್ಟು ನೋಡಿದರೆ ಇವುಗಳಲ್ಲಿ ಒಂದೂ ನಿಲ್ಲುವುದಿಲ್ಲ.

ದೊಡ್ಡ ಕೆಲಸದ ಮಾತನ್ನೇ ತೆಗೆದುಕೊಳ್ಳಿ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರನ ಅತ್ತೆ ಜ್ವರದಿಂದ ಮಲಗಿದ್ದಾಳೆ. ಬರೀ ಜ್ವರ. ಮನೆಯವರು ಅದನ್ನು ಯೇಸುವಿಗೆ ಹೇಳುತ್ತಾರೆ, ಅವರು ಹೋಗಿ ಕೈಹಿಡಿದು ಎಬ್ಬಿಸುತ್ತಾರೆ. ಇಷ್ಟು ಸಣ್ಣದಕ್ಕೆ ಕರೆದಿರಾ ಎಂದು ಯಾರನ್ನೂ ಕೇಳಲಿಲ್ಲ.

ಯೋಗ್ಯತೆಯ ಮಾತು ಇನ್ನೂ ಕುತೂಹಲದ್ದು. ಲೂಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಒಬ್ಬ ರೋಮನ್ ಶತಾಧಿಪತಿ ಬರುತ್ತಾನೆ. ಅವನ ಆಳು ಸಾಯುವ ಸ್ಥಿತಿಯಲ್ಲಿದ್ದಾನೆ. ಅವನ ಪರವಾಗಿ ಬಂದ ಯೆಹೂದಿ ಹಿರಿಯರು ಯೇಸುವಿನ ಹತ್ತಿರ ಶಿಫಾರಸು ಮಾಡುತ್ತಾರೆ. ಇವನು ಯೋಗ್ಯ, ನಮಗೆ ಸಭಾಮಂದಿರ ಕಟ್ಟಿಸಿಕೊಟ್ಟಿದ್ದಾನೆ ಅನ್ನುತ್ತಾರೆ. ಅದೇ ಮನುಷ್ಯ ಸ್ವಲ್ಪ ಹೊತ್ತಿನಲ್ಲಿ ಸ್ನೇಹಿತರ ಮೂಲಕ ಹೇಳಿ ಕಳಿಸುವುದೇ ಬೇರೆ: ನೀನು ನನ್ನ ಮನೆಯೊಳಗೆ ಬರುವಷ್ಟು ಯೋಗ್ಯತೆ ನನಗಿಲ್ಲ, ಒಂದು ಮಾತು ಹೇಳು, ಆಳಿಗೆ ಗುಣವಾಗುತ್ತದೆ. ಗಮನಿಸಿ, ಯೋಗ್ಯನಲ್ಲ ಅಂದವನು ಕೇಳುವುದನ್ನು ನಿಲ್ಲಿಸಲಿಲ್ಲ. ಅದೇ ಉಸಿರಿನಲ್ಲಿ ಕೇಳಿದ. ಕಥೋಲಿಕರು ಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮೊದಲು ಹೇಳುವ ಪ್ರಾರ್ಥನೆ ಇವನ ಮಾತಿನಿಂದಲೇ ಬಂದದ್ದು. ಯೋಗ್ಯತೆ ಇಲ್ಲ ಎಂದು ಹೇಳಿ ಅವರು ಎದ್ದು ಹೊರಗೆ ಹೋಗುವುದಿಲ್ಲ, ಮುಂದೆ ಬಂದು ಸ್ವೀಕರಿಸುತ್ತಾರೆ.

ಇನ್ನು "ಗೊತ್ತೇ ಇದೆಯಲ್ಲ" ಅನ್ನುವುದು. ಇದು ನಿಜ. ನೀವು ಕೇಳುವ ಮೊದಲೇ ನಿಮಗೆ ಏನು ಬೇಕು ಎಂಬುದು ನಿಮ್ಮ ತಂದೆಗೆ ಗೊತ್ತು ಎಂದು ಯೇಸುವೇ ಹೇಳಿದ್ದಾರೆ, ಮತ್ತಾಯ 6ನೇ ಅಧ್ಯಾಯದ 8ನೇ ವಚನದಲ್ಲಿ. ಆದರೆ ಅದರ ಮುಂದಿನ ವಚನದಲ್ಲೇ "ಹೀಗೆ ಪ್ರಾರ್ಥಿಸಿ" ಎಂದು ಕರ್ತನ ಪ್ರಾರ್ಥನೆ ಕಲಿಸುತ್ತಾರೆ. ಅದರಲ್ಲಿ ದಿನದ ರೊಟ್ಟಿಯನ್ನೂ ಬಾಯಿಬಿಟ್ಟು ಕೇಳಬೇಕು. ಗೊತ್ತಿದೆ, ಅದಕ್ಕೇ ಕೇಳಿ ಎಂಬ ಧಾಟಿ ಅಲ್ಲಿದೆ. ಇದೇ ಪ್ರಶ್ನೆಯನ್ನು ಸಂತ ಅಗಸ್ಟೀನ್ 412ರ ಸುಮಾರಿಗೆ ಪ್ರೋಬಾ ಎಂಬ ವಿಧವೆಗೆ ಬರೆದ ಪತ್ರದಲ್ಲಿ ಎತ್ತಿಕೊಂಡಿದ್ದರು. ಅವರ ಉತ್ತರದ ಸಾರ ಇಷ್ಟು: ನಾವು ಕೇಳುವುದು ದೇವರಿಗೆ ವಿಷಯ ತಿಳಿಸಲು ಅಲ್ಲ, ಕೇಳುತ್ತಾ ಕೇಳುತ್ತಾ ನಮ್ಮ ಹಂಬಲ ಬೆಳೆದು, ಅವರು ಕೊಡುವುದನ್ನು ಹಿಡಿಸಿಕೊಳ್ಳುವಷ್ಟು ನಾವು ಅಗಲವಾಗುತ್ತೇವೆ.

ಹಾಗಾದರೆ ಇಷ್ಟೆಲ್ಲಾ ಸಾಧುವಾದ ನೆಪಗಳು ಎಲ್ಲಿಂದ ಬರುತ್ತವೆ? ಕೆಲವು ಸಲ ಅಹಂನಿಂದಲೇ ಬರುತ್ತವೆ. ಇಷ್ಟು ವರ್ಷ ಬೇರೆಯವರಿಗೆ ನೆರವಾದವನು ನಾನು, ಈಗ ಕೈಚಾಚಬೇಕಾ ಎಂಬುದು ಒಳಗೆ ಕುಟುಕುತ್ತದೆ. ಪಾಸ್ಟರುಗಳಿಗೆ, ಫಾದರ್‌ಗಳಿಗೆ, ಸಿಸ್ಟರ್‌ಗಳಿಗೆ, ಮನೆ ನಡೆಸುವ ತಾಯಂದಿರಿಗೆ ಈ ಕುಟುಕು ಜಾಸ್ತಿ. ಸದಾ ಕೊಡುವ ಜಾಗದಲ್ಲಿದ್ದವರಿಗೆ ಪಡೆಯುವ ಜಾಗ ಇರುಸುಮುರುಸು.

ಆದರೆ ಎಲ್ಲವನ್ನೂ ಅಹಂಕಾರದ ತಲೆಗೆ ಕಟ್ಟುವುದು ಅನ್ಯಾಯ. ಎಷ್ಟೋ ಸಲ ಅದು ಭಯ. ಬಹಳ ಕಾಲ ಕಾಯಿಲೆಯಲ್ಲಿದ್ದವರಿಗೆ ಆಸೆ ಪಡುವುದೇ ಹೆದರಿಕೆ. ಕೇಳಿ, ಸಿಗದೆ ಹೋದರೆ? ಆಗ ಕಾಯಿಲೆಯ ಜೊತೆಗೆ ದೇವರೂ ಕೈಬಿಟ್ಟರು ಎಂಬ ಸಂಕಟವನ್ನೂ ಹೊರಬೇಕು. ಅದಕ್ಕಿಂತ ಕೇಳದೆ ಇರುವುದೇ ಮೇಲು ಅನಿಸುತ್ತದೆ. ಯೋಹಾನನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೆರೂಸಲೇಮಿನ ಕೊಳದ ಹತ್ತಿರ ಮಲಗಿದ್ದ ಮನುಷ್ಯನನ್ನು ನೋಡಿ. 38 ವರ್ಷ ಕಾಯಿಲೆ. ಆ ಕೊಳದ ನೀರು ಉಕ್ಕಿದಾಗ ಮೊದಲು ಇಳಿದವರಿಗೆ ಗುಣವಾಗುತ್ತದೆ ಎಂಬ ನಂಬಿಕೆ ಇತ್ತು. ಯೇಸು ಅವನನ್ನು "ನಿನಗೆ ಗುಣವಾಗಬೇಕು ಎಂಬ ಮನಸ್ಸಿದೆಯಾ?" ಎಂದು ಕೇಳುತ್ತಾರೆ. ಅವನು ಹೌದು ಅನ್ನುವುದಿಲ್ಲ. ನೀರು ಉಕ್ಕಿದಾಗ ನನ್ನನ್ನು ಇಳಿಸಲು ಯಾರೂ ಇಲ್ಲ, ನಾನು ಹೋಗುವಷ್ಟರಲ್ಲಿ ಇನ್ನೊಬ್ಬ ಇಳಿದುಬಿಡುತ್ತಾನೆ ಎಂದು ವಿವರ ಕೊಡುತ್ತಾನೆ. 38 ವರ್ಷದ ಮೇಲೆ "ಹೌದು, ಬೇಕು" ಎಂಬ ಎರಡೇ ಮಾತು ಅವನ ಬಾಯಲ್ಲಿ ಬರುವುದಿಲ್ಲ. ಯೇಸು ಅದಕ್ಕಾಗಿ ಅವನನ್ನು ಬೈಯಲಿಲ್ಲ, ಬಿಟ್ಟು ಹೋಗಲೂ ಇಲ್ಲ. ಕೇಳಲು ಹೆದರುವವರು ಈ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಬೇಕು.

ಇದರ ಎದುರು ದಿಕ್ಕಿನಲ್ಲಿ ಇನ್ನೊಂದು ಗೊಂದಲ ಇದೆ. ನಿಜವಾದ ನಂಬಿಕೆ ಇದ್ದವನು ಕೇಳಬಾರದು, ಹಕ್ಕಿನಿಂದ ಪಡೆದುಕೊಳ್ಳಬೇಕು, "ನಿನ್ನ ಚಿತ್ತವಿದ್ದರೆ" ಅನ್ನುವುದೇ ಅಪನಂಬಿಕೆ ಎಂಬ ಬೋಧನೆ. ಇಂಥ ದಿನ ಇಂಥ ಹೊತ್ತಿಗೆ ಗುಣವಾಗಲೇಬೇಕು ಎಂದು ದೇವರಿಗೇ ಗಡುವು ಕೊಡುವ ಪ್ರಾರ್ಥನೆಗಳನ್ನು ನೀವೂ ಕೇಳಿರಬಹುದು. ಇದರ ಹಿಂದೆ ಒಂದು ಒಳ್ಳೆಯ ಅಂಶ ಇದೆ, ಅದನ್ನು ಮರೆಯಬಾರದು. ದೇವರ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳುವ ಧೈರ್ಯ ಅಲ್ಲಿದೆ. ಆದರೆ ಕುಷ್ಠರೋಗಿ ಯೇಸುವಿನ ಮುಂದೆ ಮೊಣಕಾಲೂರಿ ಹೇಳಿದ್ದೇನು? "ನಿನಗೆ ಮನಸ್ಸಿದ್ದರೆ ನನ್ನನ್ನು ಶುದ್ಧಮಾಡಬಲ್ಲೆ." ಶಕ್ತಿಯ ಬಗ್ಗೆ ಅವನಿಗೆ ಸಂಶಯವೇ ಇಲ್ಲ. ತೀರ್ಮಾನವನ್ನು ಮಾತ್ರ ಯೇಸುವಿನ ಕೈಯಲ್ಲಿ ಬಿಟ್ಟ. "ನನಗೆ ಮನಸ್ಸುಂಟು, ಶುದ್ಧನಾಗು" ಎಂಬ ಉತ್ತರ ಸಿಕ್ಕಿತು. ಅಪನಂಬಿಕೆಯವನೇ ಎಂದು ಗದರಲಿಲ್ಲ.

ಮಾರ್ಕ 9ನೇ ಅಧ್ಯಾಯದ ತಂದೆಯ ಕಥೆ ಇದಕ್ಕಿಂತ ಬೇರೆ. ಮಗ ನೆಲಕ್ಕೆ ಬಿದ್ದು ನೊರೆ ಸುರಿಸುತ್ತಾ ಹೊರಳಾಡುತ್ತಿದ್ದಾನೆ, ಶಿಷ್ಯರ ಕೈಯಲ್ಲಿ ಏನೂ ಆಗಿಲ್ಲ. "ನಿನ್ನಿಂದ ಏನಾದರೂ ಆಗುವುದಾದರೆ ದಯೆತೋರು" ಅನ್ನುತ್ತಾನೆ. ಇವನ ಸಂಶಯ ಶಕ್ತಿಯ ಬಗ್ಗೆಯೇ. ಯೇಸು ಆ "ಆಗುವುದಾದರೆ" ಎಂಬುದನ್ನು ಹಿಡಿದು ತಿದ್ದುತ್ತಾರೆ. ಆಗ ಆ ತಂದೆ ಕೂಗಿಕೊಳ್ಳುತ್ತಾನೆ, ನಂಬುತ್ತೇನೆ, ನನ್ನ ಅಪನಂಬಿಕೆಗೂ ನೀನೇ ನೆರವಾಗು ಅಂತ. ಮಗನಿಗೂ ಗುಣವಾಗುತ್ತದೆ. ಇಡೀ ಬೈಬಲಿನಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಪ್ರಾರ್ಥನೆ ನನಗೆ ಕಂಡಿಲ್ಲ. ನಂಬಿಕೆಯಲ್ಲಿರುವ ಕೊರತೆಯನ್ನು ಮುಚ್ಚಿಡದೆ ಅದನ್ನೂ ಕಾಯಿಲೆಯ ಜೊತೆಗೆ ಮುಂದಿಟ್ಟುಬಿಟ್ಟ.

ಕೇಳದೆ ಇರುವುದು, ಗಡುವು ಹಾಕಿ ಕೇಳುವುದು, ಇವೆರಡೂ ತೀರಾ ಬೇರೆ ಬೇರೆ ಅನಿಸುತ್ತವೆ ಅಲ್ವಾ? ನನ್ನ ಪ್ರಕಾರ ಎರಡರ ಬೇರು ಒಂದೇ. ಎರಡರಲ್ಲೂ ನಾವು ಹಿಡಿತ ಬಿಡುವುದಿಲ್ಲ. ಮೊದಲನೆಯದರಲ್ಲಿ ಕೇಳದೆ ಇದ್ದು ಇಲ್ಲ ಅನಿಸಿಕೊಳ್ಳುವ ಸಂದರ್ಭವನ್ನೇ ತಪ್ಪಿಸುತ್ತೇವೆ. ಎರಡನೆಯದರಲ್ಲಿ ಇಲ್ಲ ಅನ್ನುವ ದಾರಿಯನ್ನೇ ದೇವರಿಗೆ ಮುಚ್ಚುತ್ತೇವೆ. ಬೇಕಾದುದನ್ನು ನೇರವಾಗಿ ಕೇಳಿ, ಹೇಗೆ ಯಾವಾಗ ಎಂಬುದನ್ನು ಅವರಿಗೆ ಬಿಡುವುದು, ಇದೇ ನಮ್ಮಿಂದ ಆಗದ ಕೆಲಸ.

ಇದನ್ನು ನಾಮಾನನ ಕಥೆಯಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸುವುದಿಲ್ಲ. 2 ಅರಸುಗಳು 5ನೇ ಅಧ್ಯಾಯ. ನಾಮಾನ ಅರಾಮ್ ದೇಶದ ಸೇನಾಪತಿ, ರಾಜನಿಗೆ ಬೇಕಾದವನು, ಯುದ್ಧ ಗೆದ್ದವನು. ಆದರೆ ಚರ್ಮದ ರೋಗ. ಅವನ ಹೆಂಡತಿಯ ಸೇವೆಗೆ ಇಸ್ರಾಯೇಲಿನಿಂದ ಸೆರೆಹಿಡಿದು ತಂದ ಒಬ್ಬ ಚಿಕ್ಕ ಹುಡುಗಿ ಇದ್ದಳು. ಸಮಾರ್ಯದಲ್ಲಿ ಒಬ್ಬ ಪ್ರವಾದಿ ಇದ್ದಾನೆ, ಅವನ ಹತ್ತಿರ ಹೋದರೆ ವಾಸಿಯಾಗುತ್ತದೆ ಎಂದು ಹೇಳಿದವಳು ಅವಳು. ಮನೆಯಿಂದ ಎಳೆದು ತಂದವರ ಮೇಲೆ ಆ ಹುಡುಗಿಗೆ ಇಷ್ಟು ಕರುಣೆ ಹೇಗೆ ಉಳಿದಿತ್ತೋ. ಅವಳ ಹೆಸರನ್ನು ಕೂಡ ಬರೆದಿಲ್ಲ.

ನಾಮಾನ ಹೊರಟ ರೀತಿ ನೋಡಿ. ರಾಜನಿಂದ ಪತ್ರ, ಹತ್ತು ತಲಾಂತು ಬೆಳ್ಳಿ, 6,000 ಶೆಕೆಲ್ ಚಿನ್ನ, ಹತ್ತು ಜೊತೆ ಬಟ್ಟೆ. ಬೆಳ್ಳಿಯೇ ಸುಮಾರು 340 ಕಿಲೋ. ಹೋದದ್ದೂ ನೇರವಾಗಿ ಪ್ರವಾದಿಯ ಹತ್ತಿರ ಅಲ್ಲ, ಇಸ್ರಾಯೇಲಿನ ರಾಜನ ಹತ್ತಿರ. ದೊಡ್ಡವರ ಕೆಲಸ ದೊಡ್ಡವರ ಮೂಲಕ ಆಗಬೇಕು ಎಂಬ ಲೆಕ್ಕ. ಆ ರಾಜ ಪತ್ರ ಓದಿ ಹೆದರಿ ಬಟ್ಟೆ ಹರಿದುಕೊಂಡ, ನಾನೇನು ದೇವರಾ ಎಂದ. ಕೊನೆಗೆ ನಾಮಾನ ಕುದುರೆ ರಥಗಳ ಸಮೇತ ಆ ಪ್ರವಾದಿ ಎಲೀಷನ ಬಾಗಿಲಿಗೆ ಬಂದು ನಿಂತರೆ ಎಲೀಷ ಹೊರಗೂ ಬರಲಿಲ್ಲ. ಒಬ್ಬನನ್ನು ಕಳಿಸಿ, ಯೊರ್ದನ್ ಹೊಳೆಯಲ್ಲಿ ಏಳು ಸಲ ಸ್ನಾನ ಮಾಡು ಎಂದು ಹೇಳಿಸಿದ.

ನಾಮಾನನಿಗೆ ಸಿಟ್ಟು ಬಂತು. ಅವನು ಸಿಟ್ಟಿನಲ್ಲಿ ಆಡಿದ ಮಾತಿನಲ್ಲೇ ಎಲ್ಲ ಇದೆ. ಪ್ರವಾದಿ ತಾನೇ ಎದ್ದು ಬಂದು ನಿಂತು, ದೇವರ ಹೆಸರು ಹೇಳಿ, ರೋಗದ ಜಾಗದ ಮೇಲೆ ಕೈಯಾಡಿಸಿ ವಾಸಿಮಾಡುತ್ತಾನೆ ಅಂದುಕೊಂಡಿದ್ದೆ. ನಮ್ಮ ದಮಸ್ಕದ ಅಬಾನಾ, ಪರ್ಪರ್ ಹೊಳೆಗಳು ಇಸ್ರಾಯೇಲಿನ ಎಲ್ಲ ನೀರಿಗಿಂತ ಚೆನ್ನಾಗಿಲ್ಲವಾ? ಅಂದರೆ, ಅವನಿಗೆ ವಾಸಿಯಾಗಬೇಕಿತ್ತು ನಿಜ. ಆದರೆ ಅವನ ದರ್ಜೆಗೆ ತಕ್ಕ ಹಾಗೆ ಆಗಬೇಕಿತ್ತು. ತಲೆಯಲ್ಲಿ ಮೊದಲೇ ಚಿತ್ರ ಬರೆದಿಟ್ಟುಕೊಂಡಿದ್ದ, ಆ ಚಿತ್ರದಂತೆ ಆಗಲಿಲ್ಲ ಎಂದು ಔಷಧಿಯನ್ನೇ ಬಿಟ್ಟು ಹೊರಟಿದ್ದ.

ಅವನನ್ನು ತಡೆದವರು ಆಳುಗಳು. "ಅಪ್ಪಾ" ಎಂದು ಕರೆದು, ಪ್ರವಾದಿ ದೊಡ್ಡ ಕೆಲಸ ಹೇಳಿದ್ದರೆ ಮಾಡುತ್ತಿರಲಿಲ್ಲವಾ, ಸ್ನಾನ ಮಾಡು ಅಂದರೆ ಮಾಡಬಾರದಾ ಎಂದು ಕೇಳಿದರು. ಈ ಮಾತು ಅವನಿಗೆ ನಾಟಿತು. ಇಳಿದ, ಏಳು ಸಲ ಮುಳುಗಿದ, ಅವನ ಚರ್ಮ ಚಿಕ್ಕ ಮಗುವಿನ ಚರ್ಮದಂತಾಯಿತು. ಆಮೇಲೆ ಕಾಣಿಕೆ ಕೊಡಲು ಹೋದರೆ ಎಲೀಷ ಏನನ್ನೂ ಮುಟ್ಟಲಿಲ್ಲ. ಈ ಕಥೆಯಲ್ಲಿ ನಾಮಾನನ ದಾರಿ ತಿದ್ದಿದವರೆಲ್ಲ ಅವನಿಗಿಂತ ಕೆಳಗಿನವರು: ಸೆರೆಯ ಹುಡುಗಿ, ಬಾಗಿಲಿಗೆ ಬಂದ ದೂತ, ಜೊತೆಗಿದ್ದ ಆಳುಗಳು. ವಾಸಿಯಾಗಬೇಕಾದರೆ ಅವನು ಇವರ ಮಾತಿಗೆ ಕಿವಿಗೊಡಲೇಬೇಕಾಯಿತು.

ಇಲ್ಲಿ ಒಂದು ಅಪಾಯದ ಬಗ್ಗೆ ಹೇಳಲೇಬೇಕು. ದೀನತೆ ಎಂಬ ಮಾತನ್ನು ಕಾಯಿಲೆಯವರ ಮೇಲೆ ಕೋಲಿನ ಹಾಗೆ ಬೀಸುವವರಿದ್ದಾರೆ. "ನೀನು ಇನ್ನೂ ತಗ್ಗಿಕೊಂಡಿಲ್ಲ, ಅದಕ್ಕೇ ಗುಣವಾಗಿಲ್ಲ." "ಒಳಗೆ ಯಾವುದೋ ಪಾಪ ಅಡಗಿದೆ." ಒಳ್ಳೆಯವನಾಗಿದ್ದೂ ಕಾಯಿಲೆ ಬಿದ್ದ ಯೋಬನಿಗೆ ಅವನ ಸ್ನೇಹಿತರು ಹೇಳಿದ್ದೂ ಇದನ್ನೇ, ಕೊನೆಗೆ ದೇವರು ಸಿಟ್ಟಾದದ್ದು ಆ ಸ್ನೇಹಿತರ ಮೇಲೆ. ಹುಟ್ಟು ಕುರುಡನನ್ನು ತೋರಿಸಿ, ಪಾಪ ಮಾಡಿದವರು ಇವನಾ ಇವನ ತಂದೆತಾಯಿಯಾ ಎಂದು ಶಿಷ್ಯರು ಕೇಳಿದಾಗ ಯೇಸು ಇಬ್ಬರೂ ಅಲ್ಲ ಅಂದರು. ಯೋಹಾನ 9ನೇ ಅಧ್ಯಾಯದಲ್ಲಿ ಇಷ್ಟು ಸ್ಪಷ್ಟವಾಗಿದ್ದರೂ ಹಾಸಿಗೆ ಹಿಡಿದವರ ತಲೆದಿಂಬಿನ ಪಕ್ಕ ಕೂತು ಪಾಪ ಹುಡುಕುವ ಕೆಲಸ ನಿಂತಿಲ್ಲ. ಅದು ನಿಲ್ಲಬೇಕು. ದೀನತೆಯಿಂದ ಕೇಳುವುದು ಕಾಯಿಲೆಯವರಿಗೆ ಒಂದು ಆಸರೆ. ಪಾಸು ನಪಾಸು ನೋಡುವ ಪರೀಕ್ಷೆ ಮಾಡಿದರೆ ಅದನ್ನೇ ಅವರಿಂದ ಕಿತ್ತುಕೊಂಡಂತೆ.

ಹಾಗೆಂದು ಪಾಪ ಒಪ್ಪಿಕೊಳ್ಳುವುದಕ್ಕೂ ವಾಸಿಯಾಗುವುದಕ್ಕೂ ಸಂಬಂಧವೇ ಇಲ್ಲ ಅಂತಲೂ ಅಲ್ಲ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ಹೇಳುವ ಕ್ರಮ ಹೀಗಿದೆ: ಕಾಯಿಲೆ ಬಿದ್ದವನು ಸಭೆಯ ಹಿರಿಯರನ್ನು ಕರೆಸಲಿ, ಅವರು ಕರ್ತನ ಹೆಸರಿನಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಲಿ, ನೀವು ಒಬ್ಬರಿಗೊಬ್ಬರು ಪಾಪಗಳನ್ನು ಹೇಳಿಕೊಂಡು ಒಬ್ಬರಿಗೋಸ್ಕರ ಒಬ್ಬರು ಬೇಡಿಕೊಳ್ಳಿ. ಎರಡು ವಿಷಯ ಕಣ್ಣಿಗೆ ಬೀಳುತ್ತವೆ. ಕರೆಸಬೇಕಾದವನು ಕಾಯಿಲೆಯವನೇ. ಅವರಾಗಿಯೇ ಬರಲಿ, ಯಾರಿಗೂ ನನ್ನ ನೆನಪಿಲ್ಲ ಎಂದು ಒಳಗೇ ಕೊರಗುವುದಕ್ಕಿಂತ ಹೇಳಿ ಕಳಿಸು ಎಂಬುದು ಅಲ್ಲಿರುವ ಸಲಹೆ. ಎರಡನೆಯದು, ಪಾಪ ಹೇಳಿಕೊಳ್ಳುವುದು "ಒಬ್ಬರಿಗೊಬ್ಬರು". ಕಾಯಿಲೆಯವನೊಬ್ಬನೇ ಪಾಪಿ, ಸುತ್ತ ನಿಂತವರೆಲ್ಲ ನ್ಯಾಯಾಧೀಶರು ಎಂಬ ಚಿತ್ರ ಅಲ್ಲಿಲ್ಲ.

ಈ ಎಣ್ಣೆ ಹಚ್ಚುವ ಕ್ರಮ ಇವತ್ತಿಗೂ ಉಳಿದಿದೆ. ಕಥೋಲಿಕ ಸಭೆಯಲ್ಲಿ ಇದು ಏಳು ಸಂಸ್ಕಾರಗಳಲ್ಲಿ ಒಂದು. ಶತಮಾನಗಳ ಕಾಲ ಅದನ್ನು ಸಾಯುವ ಹೊತ್ತಿಗೆ ಕೊಡುವುದು ಎಂಬಂತಾಗಿತ್ತು, ಫಾದರ್ ಬಂದರು ಅಂದರೆ ಮನೆಯವರು ಅಳಲು ಶುರುಮಾಡುವಷ್ಟು. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಸಮ್ಮೇಳನ ಇದು ಸಾವಿನ ಅಂಚಿನಲ್ಲಿರುವವರಿಗೆ ಮಾತ್ರ ಅಲ್ಲ ಎಂದಿತು. 1972ರಲ್ಲಿ ಆರನೇ ಪೌಲ್ ಪೋಪ್ ಕ್ರಮವನ್ನೇ ಹೊಸದಾಗಿ ರೂಪಿಸಿದರು. ಈಗ ಗಂಭೀರ ಕಾಯಿಲೆ ಇರುವವರು, ದೊಡ್ಡ ಆಪರೇಷನ್‌ಗೆ ಹೋಗುವವರು, ವಯಸ್ಸಾಗಿ ಬಲ ಕುಂದಿದವರು ಎಲ್ಲರೂ ಕೇಳಬಹುದು. ಹಣೆಗೆ, ಅಂಗೈಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಾರೆ. ಆರ್ಥೊಡಾಕ್ಸ್ ಸಭೆಗಳಲ್ಲಿ ಸಾಧ್ಯವಾದರೆ ಏಳು ಜನ ಯಾಜಕರು ಸೇರಿ ಇದನ್ನು ನಡೆಸುವ ರೂಢಿ ಇದೆ. ಪೆಂಟಕೋಸ್ಟ್ ಸಭೆಗಳಲ್ಲಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು ಆರಾಧನೆಯ ಭಾಗವೇ ಆಗಿಹೋಗಿದೆ. ರೀತಿ ಬೇರೆಯಾದರೂ ಕಾಯಿಲೆಯವರು ಮಾಡಬೇಕಾದ್ದು ಒಂದೇ: ತಲೆಬಾಗಿಸಿ ಇನ್ನೊಬ್ಬರ ಕೈಯನ್ನು ತಮ್ಮ ಮೇಲೆ ಇಡಗೊಡಬೇಕು.

ಡಾಕ್ಟರ ವಿಷಯಕ್ಕೆ ಬರೋಣ. ದೇವರನ್ನು ಕೇಳಿದ ಮೇಲೆ ಮಾತ್ರೆ ನುಂಗುವುದು ಅಪನಂಬಿಕೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಹಿಜ್ಕೀಯ ರಾಜ ಸಾಯುವ ಸ್ಥಿತಿಯಲ್ಲಿ ಗೋಡೆಗೆ ಮುಖ ತಿರುಗಿಸಿ ಅತ್ತು ಪ್ರಾರ್ಥಿಸಿದ, ದೇವರು 15 ವರ್ಷ ಆಯುಸ್ಸು ಹೆಚ್ಚಿಸಿದರು, ಆದರೂ ಯೆಶಾಯ ಪ್ರವಾದಿ ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿಗೆ ಕಟ್ಟಿಸಿದ. ಪ್ರಾರ್ಥನೆಯೂ ಇತ್ತು, ಮದ್ದೂ ಇತ್ತು. ಅಪೊಸ್ತಲ ಪೌಲನ ಜೊತೆಗಾರ ಲೂಕ ವೈದ್ಯ. ಶಿಷ್ಯ ತಿಮೊಥೆಯನಿಗೆ ಪದೇ ಪದೇ ಬರುತ್ತಿದ್ದ ಹೊಟ್ಟೆನೋವಿಗೆ ಪೌಲ ಹೇಳಿದ್ದು ಸ್ವಲ್ಪ ದ್ರಾಕ್ಷಾರಸ ತೆಗೆದುಕೊ ಅಂತ. ಆಸ ರಾಜನ ಉದಾಹರಣೆಯನ್ನು ಕೆಲವರು ಎದುರು ಹಿಡಿಯುತ್ತಾರೆ, ಕಾಲಿಗೆ ರೋಗ ಬಂದಾಗ ಅವನು ವೈದ್ಯರ ಹತ್ತಿರ ಹೋದ, ದೇವರನ್ನು ಹುಡುಕಲಿಲ್ಲ ಎಂದು 2 ಪೂರ್ವಕಾಲವೃತ್ತಾಂತ 16ರಲ್ಲಿದೆ. ಅದಕ್ಕೆ ಎರಡೇ ವಚನ ಹಿಂದೆ ಓದಿ. ತಪ್ಪು ತೋರಿಸಿದ ದರ್ಶಿಯನ್ನು, ಅಂದರೆ ಪ್ರವಾದಿಯನ್ನು, ಅವನು ಸಿಟ್ಟಿನಿಂದ ಜೈಲಿಗೆ ಹಾಕಿಸಿದ್ದ. ದೇವರ ಮಾತೇ ಬೇಡ ಎಂದು ಮುನಿದವನ ಕಥೆ ಅದು. ವೈದ್ಯರು ಅಲ್ಲಿ ಸುಮ್ನೆ ತಮ್ಮ ಕೆಲಸ ಮಾಡುತ್ತಿದ್ದರು.

ನನಗಂತೂ ಡಾಕ್ಟರ ಮುಂದೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳುವುದೂ ಒಂದು ದೀನತೆಯೇ ಅನಿಸುತ್ತದೆ. ಮನಸ್ಸಿನ ಕಾಯಿಲೆಯಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಖಿನ್ನತೆಯನ್ನೋ ಆತಂಕವನ್ನೋ ನಂಬಿಕೆಯ ಕೊರತೆ ಎಂದು ಬೈದುಕೊಂಡು ವರ್ಷಗಟ್ಟಲೆ ಒದ್ದಾಡುವವರಿದ್ದಾರೆ. ಕುಡಿತದ ಚಟ ಇರುವವರ ನಡುವೆ 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನವರ ಹನ್ನೆರಡು ಹೆಜ್ಜೆಗಳಲ್ಲಿ ಏಳನೆಯದು, ನಮ್ಮ ಕುಂದುಗಳನ್ನು ತೆಗೆದುಹಾಕು ಎಂದು ದೀನತೆಯಿಂದ ದೇವರನ್ನು ಕೇಳುವುದು. ಅವರ ಮೊದಲ ಹೆಜ್ಜೆ, ಇದು ನಮ್ಮ ಕೈಮೀರಿದೆ ಎಂದು ಒಪ್ಪಿಕೊಳ್ಳುವುದು. ಮೊದಲನೆಯದಿಲ್ಲದೆ ಏಳನೆಯದಕ್ಕೆ ಬರಲು ಆಗುವುದಿಲ್ಲ.

ಈಗ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಕೇಳಿದೆ, ತಗ್ಗಿಕೊಂಡೆ, ಅತ್ತೆ. ಗುಣವಾಗಲಿಲ್ಲ. ಹಾಗಾದರೆ?

ಪೌಲನಿಗೆ ಹೀಗೇ ಆಯಿತು. ಶರೀರದಲ್ಲಿ ಒಂದು ಮುಳ್ಳು ಇದೆ ಎಂದು 2 ಕೊರಿಂಥದ 12ನೇ ಅಧ್ಯಾಯದಲ್ಲಿ ಬರೆಯುತ್ತಾನೆ. ಅದು ಯಾವ ಕಾಯಿಲೆಯೋ, ಬೇರೇನೋ, ಹೇಳಿಲ್ಲ. ತೆಗೆದುಬಿಡು ಎಂದು ಮೂರು ಸಲ ಬೇಡಿಕೊಂಡ. ಸಿಕ್ಕ ಉತ್ತರ, "ನನ್ನ ಕೃಪೆಯೇ ನಿನಗೆ ಸಾಕು." ಬೇರೆಯವರು ಪೌಲನ ಕೈಯಿಂದ ಗುಣ ಹೊಂದುತ್ತಿದ್ದಾಗ ಅವನ ಮುಳ್ಳು ಹಾಗೇ ಉಳಿಯಿತು. ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದೆ ಎಂದೂ ಒಂದು ಕಡೆ ಬರೆಯುತ್ತಾನೆ. ಫ್ರಾನ್ಸಿನ ಲೂರ್ದ್‌ನ ವಿಷಯವೂ ಹಾಗೆ. 1858ರಲ್ಲಿ ಅಲ್ಲಿ ಮರಿಯ ಮಾತೆಯ ದರ್ಶನ ಪಡೆದ ಬರ್ನಡೆಟ್‌ಗೆ ಚಿಕ್ಕಂದಿನಿಂದ ಉಬ್ಬಸ. ಅವಳು ಅಗೆದ ಊಟೆಯ ನೀರಿಗಾಗಿ ಲೋಕದ ಮೂಲೆಮೂಲೆಯಿಂದ ಕಾಯಿಲೆಯವರು ಬಂದರು. ಅವಳು ಮಾತ್ರ ಉಬ್ಬಸ, ಕ್ಷಯ ಎರಡರಿಂದಲೂ ನರಳಿ 1879ರಲ್ಲಿ 35ನೇ ವಯಸ್ಸಿಗೆ ತೀರಿಕೊಂಡಳು. ಇವರಲ್ಲಿ ಯಾರಿಗೂ ದೀನತೆ ಸಾಲಲಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ?

ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಯೇಸು ಗೆತ್ಸೇಮನೆ ತೋಟದಲ್ಲಿ ಮಾಡಿದ ಪ್ರಾರ್ಥನೆಯನ್ನು ಇಲ್ಲಿ ಎಲ್ಲರೂ ನೆನಪಿಸುತ್ತಾರೆ, ಆದರೆ ಅರ್ಧ ಮಾತ್ರ. "ನನ್ನ ಚಿತ್ತವಲ್ಲ, ನಿನ್ನದೇ ಆಗಲಿ" ಎಂಬುದು ಎರಡನೇ ಅರ್ಧ. ಅದಕ್ಕಿಂತ ಮೊದಲು "ಈ ಪಾತ್ರೆಯನ್ನು ನನ್ನಿಂದ ತೊಲಗಿಸು", ಅಂದರೆ ಈ ಸಂಕಟ ಬೇಡ, ಎಂದು ಯೇಸು ಬಿಚ್ಚಿ ಕೇಳಿದ್ದಾರೆ. ಒಂದು ಸಲ ಕೇಳಿ ಸುಮ್ಮನಾಗಲೂ ಇಲ್ಲ, ಎದ್ದು ಹೋಗಿ ಬಂದು ಮತ್ತೆ ಕೇಳಿದರು, ಮೂರು ಸಲ. ಇಬ್ರಿಯರ ಪತ್ರಿಕೆಯ ಪ್ರಕಾರ ಗಟ್ಟಿಯಾಗಿ ಕೂಗಿ ಕಣ್ಣೀರು ಹಾಕಿ ಬೇಡಿಕೊಂಡರು. ನಾವು ಎಷ್ಟೋ ಸಲ ಮೊದಲ ಅರ್ಧವನ್ನು ಹಾರಿಸಿ ನೇರವಾಗಿ ಎರಡನೆಯದಕ್ಕೆ ಬರುತ್ತೇವೆ. "ದೇವರ ಚಿತ್ತ" ಅಂದುಬಿಟ್ಟರೆ ಕೇಳುವ ಸಂಕಟವೇ ಇಲ್ಲ. ಕೇಳದೆಯೇ ಒಪ್ಪಿಸಿಕೊಟ್ಟೆ ಅನ್ನುವುದಕ್ಕೂ, ಕೇಳಿ ಕೇಳಿ ಸೋತು ಆಮೇಲೆ ಒಪ್ಪಿಸಿಕೊಡುವುದಕ್ಕೂ ಅಜಗಜಾಂತರ ಇದೆ.

ಮತ್ತೆ ಮತ್ತೆ ಕೇಳಿದರೆ ಉದ್ಧಟತನ ಆಗುತ್ತದಾ ಎಂದು ಹಲವರಿಗೆ ಅಳುಕು. ನಡುರಾತ್ರಿಯಲ್ಲಿ ರೊಟ್ಟಿಗಾಗಿ ಬಾಗಿಲು ಬಡಿಯುವ ಸ್ನೇಹಿತನ ಕಥೆ, ನ್ಯಾಯಾಧಿಪತಿಯನ್ನು ಪೀಡಿಸುವ ವಿಧವೆಯ ಕಥೆ, ಎರಡನ್ನೂ ಯೇಸು ಹೇಳಿದ್ದೇ ಬೇಸರಪಡದೆ ಕೇಳಿ ಅನ್ನುವುದಕ್ಕೆ. ಯೆಹೂದಿಯಲ್ಲದ ಸುರೋಫೊಯಿನಿಕೆಯ ಹೆಂಗಸಂತೂ ಮಗಳಿಗಾಗಿ ಯೇಸುವಿನ ಪಾದಕ್ಕೆ ಬಿದ್ದಳು, ಬಿದ್ದಲ್ಲಿಂದಲೇ ವಾದವನ್ನೂ ಮಾಡಿದಳು. ಮಕ್ಕಳ ರೊಟ್ಟಿ ನಾಯಿಮರಿಗಳಿಗಲ್ಲ ಎಂಬ ಯೇಸುವಿನ ಮಾತಿಗೆ, ಮೇಜಿನ ಕೆಳಗಿನ ನಾಯಿಮರಿಗಳೂ ಮಕ್ಕಳ ಕೈಯಿಂದ ಬಿದ್ದ ತುಣುಕು ತಿನ್ನುತ್ತವಲ್ಲ ಎಂದಳು. ಮಗಳಿಗೆ ಗುಣವಾಯಿತು. ಕೀರ್ತನೆಗಳಲ್ಲಿ 88ನೆಯದನ್ನು ಓದಿದರೆ ಮೊದಲಿಂದ ಕೊನೆಯವರೆಗೆ ದೂರು, ಕೊನೆಯ ಸಾಲಿನಲ್ಲೂ ಕತ್ತಲೆಯೇ. ಆದರೂ ಅದು ಪ್ರಾರ್ಥನೆಯ ಪುಸ್ತಕದಲ್ಲೇ ಇದೆ, ಯಾರೂ ಕಿತ್ತುಹಾಕಿಲ್ಲ. ಸಿಟ್ಟು ಬಂದಿದ್ದರೆ ಸಿಟ್ಟಿನಲ್ಲೇ ಹೇಳಿ. ಮುಖ ತಿರುಗಿಸಿಕೊಂಡು ಹೋಗುವುದಕ್ಕಿಂತ ಎದುರು ನಿಂತು ಜಗಳ ಆಡುವವನು ದೇವರಿಗೆ ಹತ್ತಿರ ಇದ್ದಾನೆ.

ಹಾಗಾದರೆ ಬಾಯಿ ತೆಗೆದು ಹೇಗೆ ಕೇಳುವುದು? ಯೆರಿಕೋವಿನ ದಾರಿಯಲ್ಲಿ ಕೂಗುತ್ತಿದ್ದ ಕುರುಡ ಬಾರ್ತಿಮಾಯನನ್ನು ಯೇಸು, "ನಿನಗೆ ನಾನು ಏನು ಮಾಡಬೇಕು?" ಎಂದು ಕೇಳಿದರು. ಕಣ್ಣಿಲ್ಲದವನಿಗೆ ಏನು ಬೇಕು ಎಂದು ನೋಡಿದರೇ ಗೊತ್ತಾಗುವುದಿಲ್ಲವಾ? ಆದರೂ ಅವನ ಬಾಯಿಂದಲೇ ಬರಬೇಕಿತ್ತು. "ಗುರುವೇ, ನನಗೆ ಕಣ್ಣು ಕಾಣಬೇಕು." ಅಷ್ಟೇ. ಸುತ್ತಿ ಬಳಸಿದ ಮಾತಿಲ್ಲ. ನಾವೂ ಹಾಗೇ ಕೇಳಬಹುದು. "ಎಲ್ಲರಿಗೂ ಒಳ್ಳೆಯದಾಗಲಿ" ಎಂಬ ದೊಡ್ಡ ಮಾತಿನ ಹಿಂದೆ ಅಡಗಿಕೊಳ್ಳುವುದು ಬೇಡ. ಕಾಯಿಲೆಯ ಹೆಸರು ಹೇಳಿ. ನೋಯುವ ಜಾಗ ಹೇಳಿ. ರಿಪೋರ್ಟ್ ಬಂದಿದ್ದರೆ ಅದನ್ನೇ ಮುಂದೆ ಇಟ್ಟುಕೊಂಡು ಕೂತು, ಇದರಲ್ಲಿ ಹೀಗೆ ಬರೆದಿದೆ, ನನಗೆ ಹೆದರಿಕೆ ಆಗಿದೆ, ನನಗೆ ಬದುಕಬೇಕು ಎಂದು ಹೇಳಿ. ಗುಣವಾದರೆ ಅದು ಮಾಡುತ್ತೇನೆ ಇದು ಕೊಡುತ್ತೇನೆ ಎಂಬ ಚೌಕಾಸಿ ಬೇಕಿಲ್ಲ, ನಾಮಾನನ ಬೆಳ್ಳಿಯನ್ನೂ ಯಾರೂ ಮುಟ್ಟಲಿಲ್ಲ. ಸ್ವಂತ ಮಾತು ಹೊಳೆಯದಿದ್ದರೆ ದಾವೀದನ ಹೆಸರಿನಲ್ಲಿರುವ 6ನೇ ಕೀರ್ತನೆಯಿಂದ ಸಾಲ ತೆಗೆದುಕೊಳ್ಳಿ: ಕರ್ತನೇ, ಕನಿಕರಿಸು, ನಾನು ಬಾಡಿಹೋಗಿದ್ದೇನೆ, ನನ್ನ ಎಲುಬುಗಳು ನಡುಗುತ್ತಿವೆ, ವಾಸಿಮಾಡು.

ಅದೂ ಆಗದ ದಿನಗಳಿರುತ್ತವೆ. ನೋವು ಜಾಸ್ತಿಯಾಗಿ, ಇಲ್ಲವೇ ಮನಸ್ಸು ಪೂರ್ತಿ ಮರಗಟ್ಟಿ, ದೇವರೇ ಅನ್ನಲೂ ಆಗುವುದಿಲ್ಲ. ಅಂಥವರಿಗೆ ಮಾರ್ಕ 2ನೇ ಅಧ್ಯಾಯ ಇದೆ. ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದರು, ಬಾಗಿಲಲ್ಲಿ ಜಾಗವಿಲ್ಲದೆ ಮಾಳಿಗೆ ಹತ್ತಿ ಅದನ್ನೇ ಬಿಚ್ಚಿ ಹಾಸಿಗೆ ಸಮೇತ ಕೆಳಗಿಳಿಸಿದರು. ಯೇಸು ನೋಡಿದ್ದು "ಅವರ ನಂಬಿಕೆಯನ್ನು" ಎಂದು ಮಾರ್ಕ ಬರೆಯುತ್ತಾನೆ. ರೋಗಿ ಒಂದು ಮಾತು ಆಡಿದ ಎಂದೂ ಇಲ್ಲ. ಹೊರಲು ಬಿಟ್ಟುಕೊಟ್ಟ, ಅವನು ಮಾಡಿದ್ದು ಅಷ್ಟೇ.

ಆದ್ದರಿಂದ ನಿಮ್ಮಿಂದ ಕೇಳಲು ಆಗದಿದ್ದರೆ ನಂಬುವ ಒಬ್ಬರಿಗೆ ಫೋನ್ ಮಾಡಿ. ಇನ್ನೊಬ್ಬರಿಗೆ ಹೇಳಿಕೊಂಡು ತಿರುಗುವವರಾಗಿರಬಾರದು, ಪಾಪ ಹುಡುಕುವವರಂತೂ ಬೇಡವೇ ಬೇಡ. ನನಗೆ ಇಂಥ ಕಾಯಿಲೆ, ಇಂಥ ದಿನ ಟೆಸ್ಟ್ ಇದೆ, ನನಗೆ ಪ್ರಾರ್ಥನೆ ಮಾಡಲು ಆಗುತ್ತಿಲ್ಲ, ನೀವು ಮಾಡಿ, ಸಾಧ್ಯವಾದರೆ ಟೆಸ್ಟ್‌ಗೆ ಜೊತೆಗೂ ಬನ್ನಿ ಎಂದು ಹೇಳಿ.